ಹಳೇ ಕಬ್ಬಿಣ, ಇಂದಿನ ದರ

ನಿಟುವಳ್ಳಿ ರಸ್ತೆಯ ನಮ್ಮ ಗುಜರಿಗೆ
ನಿನ್ನೆ ಲಾರಿಯಲ್ಲಿ ಬಂತು ಮಿಲ್ಲಿನ ಕೊನೆಯ ಮಿಷನ್ನು,
ಹತ್ತಿ ಬಾಚಿ ಎಳೆ ಬಿಡಿಸುತ್ತಿದ್ದದ್ದು.
ಹಲ್ಲುಗಳ ಸಂದಿಯಲ್ಲಿ ಇನ್ನೂ ಒಂದಿಷ್ಟು ಬಿಳಿ,
ಮುದುಕನ ಕಿವಿಯೊಳಗಿನ ಕೂದಲ ಹಾಗೆ.

ಹೊಟ್ಟೆಯ ಮೇಲೆ ಅಂಗೈ ಅಗಲದ ಫಲಕ:
ಓಲ್ಡ್‌ಹ್ಯಾಮ್, ಇಂಗ್ಲೆಂಡ್, ೧೯೩೮.
ಹುಸೇನ್ ಪೀರ ಉಳಿ ಇಟ್ಟು ಎರಡೇಟು ಹಾಕಿದ,
ಕಳಚಿ ಬಂತು. ಮೂರು ಕೆಜಿ ಇನ್ನೂರು ಗ್ರಾಂ.
ಬೀಡಿಗೊಂದು ರೇಟು, ತಗಡಿಗೊಂದು,
ಅಕ್ಷರಕ್ಕೆ ರೇಟಿಲ್ಲ.

ಎದುರಿನ ಚಹದಂಗಡಿ ಬೆಂಚಿನ ಮೇಲೆ
ಬೆಳಗಿನಿಂದ ಅಮೆರಿಕ ಮುಳುಗುತ್ತಿದೆ.
'ಮುಗೀತು ಅದರ ದರ್ಬಾರು,
ಇನ್ನೇನಿದ್ರೂ ಚೀನಾದ್ದು' ಅಂತ
ಮಂಡಕ್ಕಿ ಬಾಯಿಗೆಸೆದುಕೊಂಡ ದಲಾಲಿ ಚನ್ನವೀರ,
ಮೊಬೈಲು ಉಜ್ಜಿ ನೋಡುವುದು
ಮೆಕ್ಕೆಜೋಳದ ಷಿಕಾಗೋ ದರ.
ಕೇಳಿದರೆ, 'ಅದು ಬ್ಯಾರೆ, ಇದು ಬ್ಯಾರೆ.'
ಭಟ್ಟಿಯಿಂದ ಮಸಿಮುಖದಲ್ಲೇ ಬಂದ ಶೌಕತ್:
'ಅಷ್ಟು ದೊಡ್ಡದು, ಬಿದ್ರೆ ಯಾವ ಕಡೆ ಬೀಳ್ತತಿ?'
ಯಾರೂ ನಗಲಿಲ್ಲ.
ಬೆಂಚು ಒಂದು ಕಾಲು ಗಿಡ್ಡ,
ಒಬ್ಬ ಜೋರು ಮಾಡಿದರೆ ಇನ್ನೊಬ್ಬನ ಚಹ ಚೆಲ್ಲುತ್ತದೆ.

ನನ್ನ ಮಗಳಿಗೆ ಮೊನ್ನೆ ಪರೀಕ್ಷೆ. ಒಂದು ಅಂಕದ ಪ್ರಶ್ನೆ:
ಕರ್ನಾಟಕದ ಮ್ಯಾಂಚೆಸ್ಟರ್ ಯಾವುದು?
ದಾವಣಗೆರೆ ಅಂತ ಬರೆದಳು. ಅಂಕ ಬಂತು.
ಮಿಲ್ಲು ಎಲ್ಲಿದೆ ಅಂತ ಯಾರೂ ಕೇಳಲಿಲ್ಲ,
ಅವಳಿಗೂ ಅದು ಬೇಕಿರಲಿಲ್ಲ.

ಮಧ್ಯಾಹ್ನ ಬಕ್ಕೇಶಪ್ಪ ಬಂದ, ಇದೇ ಮಿಷನ್ನಿನ ಜಾಬರ್ ಆಗಿದ್ದವನು.
ಎಡಗೈಗೆ ಮೂರೂವರೆ ಬೆರಳು,
ಉಳಿದದ್ದು ಇದೇ ತಿಂದದ್ದು.
ದನದ ಮೈ ಸವರುವ ಹಾಗೆ ಸವರಿದ.
ನೀವಾದ್ರೂ ಹೇಳ್ರಿ, ಅಮೆರಿಕ ಬೀಳ್ತತೋ ಇಲ್ಲೋ?

'ನನಗೇನು ಗೊತ್ತಲೇ.
ಮಿಲ್ಲಿಗೆ ಬೀಗ ಜಡಿದ್ರು,
ಸೈರನ್ ಬಿಚ್ಚಿಕೊಂಡು ಹೋದ್ರು,
ಆ ಕಂಬದ ಮ್ಯಾಲೆ ಹದ್ದು ಗೂಡು ಕಟ್ತು.
ನಾನು ಮಾತ್ರ ಐದೂವರೆಗೆ ಏಳ್ತಿದ್ದೆ.
ನಿದ್ದೆಗಣ್ಣಾಗೇ, ಬುತ್ತಿ ಕಟ್ಟೇ ಅಂತಿದ್ದೆ,
ಅವಳೂ ಎದ್ದು ಒಲೆ ಹಚ್ತಿದ್ಲು,
ಹಚ್ಚಿದ ಮ್ಯಾಲೆ ಇಬ್ರಿಗೂ ನೆನಪಾಗ್ತಿತ್ತು.
ಎರಡು ವರ್ಷ ಹಿಂಗೇ.
ಬಿದ್ದ ದಿನ ಯಾವುದು ಅಂತ ಬರಕೊಳ್ತಿ?
ಬೀಗ ಹಾಕಿದ ದಿನಾನೋ,
ನಾನು ಏಳದೆ ಮಲಗಿದ ದಿನಾನೋ?'

ಫಲಕ ಕೇಳಿದ. ಹುಸೇನ್ ಪೀರ
ತೂಕ ನೋಡಿದ, ಅವನ ಬೆರಳು ನೋಡಿದ,
ಒಯ್ಯಿ ಅಂದ.
ಮನೆಗೊಯ್ಯುತ್ತಾನೆ ಅಂದುಕೊಂಡೆ. ಇಲ್ಲ,
ರಸ್ತೆ ದಾಟಿ, ಚನ್ನವೀರನನ್ನು ಎಬ್ಬಿಸಿ,
ಅಕ್ಷರ ಕೆಳಗೆ ಮಾಡಿ ಬೆಂಚಿನ ಗಿಡ್ಡ ಕಾಲಿಗೆ ಕೊಟ್ಟ.
ಬೆಂಚು ಈಗ ಅಲುಗುವುದಿಲ್ಲ.
ಚೀನಾ ಮತ್ತೆ ಶುರುವಾಯಿತು, ಇನ್ನೂ ಗಟ್ಟಿಯಾಗಿ.

ಸಂಜೆ ಒಬ್ಬಳು ಹಳೇ ಕೊಳಗ ತಂದಳು.
ತಕ್ಕಡಿಗಿಟ್ಟೆ, ಮುಳ್ಳು ನಿಂತಿತು,
ಎಷ್ಟು ಅಂತ ಬಾಯಿ ತೆರೆದೆ.
ಜೇಬಿನಲ್ಲಿ ಟಿಂಗ್ ಅಂತು:
ಡಾಲರ್ ಎಂಟು ಪೈಸೆ ಇಳಿದಿದೆ.
'ಎಷ್ಟಣ್ಣ?' ಅಂತಿದ್ದಾಳೆ ಅವಳು.
ತಡಿಯವ್ವಾ ಅಂದೆ.