ಗೋಲಿಗಳ ಲೆಕ್ಕ

ಬೆಳಿಗ್ಗೆ ಏಳಕ್ಕೆ ಪಾಂಡವಪುರದ ಬಸ್ಸಿಳಿದು
ದೊಡ್ಡತಾಯಮ್ಮ ಬರುತ್ತಾಳೆ, ತಲೆಯ ಮೇಲೆ ಒದ್ದೆ ಗೋಣಿ:
ನಾಲೆಯ ಬದುವಿಂದ ಕಿತ್ತ ಒಂದೆಲಗ,
ಬೇರಿನಲ್ಲಿ ಇನ್ನೂ ಕೆಸರು.
"ಇಷ್ಟೂವ ನೀನೇ ತಿಂದೀಯೇನವ್ವಾ?"
"ಇಲ್ಲಮ್ಮ, ಇಲಿಗೆ."
"ಅಯ್, ಇಲಿಗ್ಯಾಕವ್ವ ಬುದ್ದಿ? ಈಗಿರಾದೇ ಸಾಲ್ದಾ,
ನಮ್ಮನೆ ಭತ್ತದ್ ಚೀಲ ನೋಡ್ಬಾ!"

ನಕ್ಕು, ತೂಗಿ, ಕಾಸು ಕೊಟ್ಟು, ಚೀಟಿ ಅಂಟಿಸುತ್ತೇನೆ:
ಕಿತ್ತ ಊರು, ಕಿತ್ತ ದಿನ, ಹಸಿ ತೂಕ.
ನೆರಳಲ್ಲಿ ಒಣಗಿ, ಪುಡಿಯಾಗಿ, ಮದ್ಯಸಾರದಲ್ಲಿ ನೆನೆದು
ಗಾಜಿನ ಕೊಳವೆಯಲ್ಲಿ ತೊಟ್ಟು ತೊಟ್ಟಾಗಿ ಇಳಿದು
ಮೂರು ಕಿಲೋ ಸೊಪ್ಪು ಕೊನೆಗೆ
ಉಗುರಲ್ಲಿ ಎತ್ತಬಹುದಾದ ಕಂದು ಅಂಟು.
ಅದರೊಳಗೊಂದು ಕಹಿ. ಆ ಕಹಿಗೊಂದು ಉದ್ದನೆ ಹೆಸರು.
ಅಜ್ಜಿಯ ಚಟ್ನಿಗೆ ಆ ಹೆಸರು ಬೇಕಿರಲಿಲ್ಲ.

ಮಾನಸಗಂಗೋತ್ರಿಯ ಈ ಕೋಣೆಗೆ ಕಿಟಕಿಯಿಲ್ಲ.
ಹನ್ನೆರಡು ತಾಸು ಹಗಲು, ಹನ್ನೆರಡು ತಾಸು ಇರುಳು,
ಎರಡೂ ಸ್ವಿಚ್ಚಿನವು.
ಹೊಟ್ಟಿನ ಮೇಲೆ ಇಪ್ಪತ್ತು ಗಾಜಿನ ಗೋಲಿ ಜೋಡಿಸಿ
ಇಲಿಯೊಂದನ್ನು ಬಿಟ್ಟು ಅರ್ಧ ಗಂಟೆ ಕೂರುತ್ತೇನೆ.
ಹುಟ್ಟುವ ಮುನ್ನ ತಾಯಿಗೆ ಚುಚ್ಚಿದ ಮದ್ದು ಇವನ್ನು ಬೇರೆ ಮಾಡಿದೆ
(ಚುಚ್ಚಿದವಳು ನಾನೇ, ಅದನ್ನೂ ಬರೆದಿಟ್ಟಿದ್ದೇನೆ).
ಹೂಳುತ್ತವೆ, ಹೂಳುತ್ತಲೇ ಇರುತ್ತವೆ.
ಹದಿನೇಳು. ಹದಿನಾರು. ಹದಿನೇಳು.
ಕಷಾಯ ಕುಡಿದವು: ಒಂಬತ್ತು. ಹನ್ನೊಂದು. ಎಂಟು.
ಗೈಡು ಮಾದೇಶಯ್ಯನವರು ಪೆನ್ಸಿಲ್ಲಲ್ಲಿ "ಸುಧಾರಣೆ" ಎಂದು ಬರೆದರು,
ಕೆಳಗೊಂದು ಗೆರೆ,
ಗೆರೆಯ ಪಕ್ಕ ಸಣ್ಣದೊಂದು ಪ್ರಶ್ನೆಯ ಕೊಕ್ಕೆ.

ಮನೆ ಪಡುವಾರಹಳ್ಳಿ. ತಮ್ಮ ಕುಶಾಲನಿಗೆ ಹತ್ತೊಂಬತ್ತು.
ಹಜಾರದ ಕೆಂಪು ನೆಲದ ಮೇಲೆ ಹುಣಸೆಬೀಜ,
ಬಾಗಿಲಿಂದ ದೇವರಮನೆಯವರೆಗೆ ಒಂದೇ ಸಾಲು.
ನಾನು ದಾಟುತ್ತೇನೆ, ಅಪ್ಪ ದಾಟುತ್ತಾರೆ,
ಹಾಲಿನ ಪಾಪಣ್ಣ ಕೂಡ ಈಗ ಹೊಸ್ತಿಲಲ್ಲೇ ಕಾಲೆತ್ತುತ್ತಾನೆ.
ಒಂದು ಬೀಜ ಜರುಗಿದರೆ ಅವನು ಸಿಟ್ಟಾಗುವುದಿಲ್ಲ;
ಸರಿಮಾಡಿ, ಬೀಜಕ್ಕೆ "ಆಯ್ತು" ಅನ್ನುತ್ತಾನೆ.
ದಿನಕ್ಕೆ ಅವನಾಡುವ ಆರೇಳು ಮಾತಲ್ಲಿ
ಅದೂ ಒಂದು.

ಮೊನ್ನೆ ನಾನೂ ಅಲ್ಲೇ ಕೂತೆ, ಗಡಿಯಾರ ನೋಡದೆ.
ಸುಳ್ಳು. ನೋಡಿದೆ. ಅರ್ಧ ಗಂಟೆ, ಇನ್ನೂರ ಹನ್ನೊಂದು.
ಈ ಸಂಖ್ಯೆ ಇಳಿದರೆ ಸುಧಾರಣೆ ಯಾರಿಗೆ?
ಕುಕ್ಕರ್ ಕೂಗಿದಾಗೆಲ್ಲ ಕಚ್ಚಿಕೊಂಡು
ಚಕ್ಕೆಗಟ್ಟಿದ ಆ ಮಣಿಕಟ್ಟಿಗೆ ಮದ್ದು ಬೇಕು.
ರಾತ್ರಿ ಮೂರಕ್ಕೆ ಎದ್ದು ನಲ್ಲಿಯ ಬಳಿ ನಿಂತುಬಿಡುವ
ಕೆಂಪು ಕಣ್ಣಿಗೆ ಬೇಕು.
ಬೀಜದ ಸಾಲಿಗೆ ಬೇಡ.
ನನ್ನ ಪಟ್ಟಿಯಲ್ಲೋ, ಗೋಲಿಗೆ ಜಾಗವಿದೆ, ನಿದ್ದೆಗಿಲ್ಲ.

"ಆ ಬಾಟಲಿಯಿಂದ ಒಂದು ಚಮಚ ತಾರೇ,
ಸೊಪ್ಪು ತಾನೆ?" ಎಂದಳು ಅಮ್ಮ, ಬೆನ್ನು ತಿರುಗಿಸಿಕೊಂಡೇ.
"ಈಗದು ಸೊಪ್ಪಲ್ಲಮ್ಮ. ಇಲಿಯ ಲೆಕ್ಕ ಮನುಷ್ಯನಿಗೆ ಬರಲ್ಲ.
ವರ್ಷಗಳು ಬೇಕು. ಆಮೇಲೂ, ಏನೂ ಇಲ್ಲ ಅಂತ ಆಗಬಹುದು."
ಅವಳು ಮಾತಾಡದೆ ಒರಳಿಗೆ ಕೈ ಹಾಕಿದಳು:
ದೊಡ್ಡತಾಯಮ್ಮ ಕೊಸರಿಗೆ ಕೊಟ್ಟ ಹಿಡಿ ಒಂದೆಲಗ,
ಹಸಿಮೆಣಸಿನಕಾಯಿ, ಕಾಯಿತುರಿ, ಉಪ್ಪು.
ಅಡುಗೆಮನೆಗೆ ಯಾವ ಸಮಿತಿಯ ಅಪ್ಪಣೆ!

ಕುಶಾಲ ಬೆರಳಲ್ಲಿ ಮುಟ್ಟಿ, ಮೂಸಿ,
ತಟ್ಟೆಯಂಚಿಗೆ ತಳ್ಳಿದ.
ಉಳಿದಿದ್ದ ಒಂದೆಲೆಯ ತೊಟ್ಟು ಹಿಡಿದು, ತಿರುಗಿಸಿ,
ಬಲ್ಬಿಗೆದುರಾಗಿ ನರಗಳನ್ನೆಣಿಸಿದ: ಏಳು.
ನಾಲ್ಕು ವರ್ಷದಲ್ಲಿ ನಾನದನ್ನು ಎಣಿಸಿರಲಿಲ್ಲ.
ಎಲೆಯನ್ನೊಯ್ದು ಸಾಲಿನ ತುದಿಗಿಟ್ಟ.
"ಆಯ್ತು."

ಇವತ್ತು ಪಟ್ಟಿಯಲ್ಲೊಂದು ಗೆರೆ ಎಳೆದೆ, ಸ್ಕೇಲಿಲ್ಲದೆ, ಸೊಟ್ಟಗೆ.
ಮೇಲೆ ಬರೆದೆ: ನಿದ್ದೆ.
ಸ್ವಿಚ್ಚಿನ ಹಗಲಲ್ಲಿ ಕೂತಿದ್ದೇನೆ; ಇಲಿಗಳಿಗೆ ಇದೇ ರಾತ್ರಿ.
ಹನ್ನೊಂದನೇ ಪಂಜರದ್ದು ಬಾಲ ಸುತ್ತಿಕೊಂಡು
ಮೂತಿಯನ್ನು ಹೊಟ್ಟಿನೊಳಗಿಟ್ಟು ಮಲಗಿದೆ.
ಈ ಸಲ ಅದು ಕುಡಿದದ್ದು ಕಷಾಯವೋ, ಬರೀ ನೀರೋ
ನನಗೆ ಗೊತ್ತಿಲ್ಲ, ಗೊತ್ತಿರಲೂಬಾರದು.
ಚೀಟಿ ಮಾದೇಶಯ್ಯನವರ ಬೀರುವಿನಲ್ಲಿದೆ.