ಎಂಟು ಸಾಲು ಚುಕ್ಕೆ

ಗುಂಡಿ, ರಿವೆಟ್ಟು ಮಾರುವ ಸೇಟು
ದಸರೆಗೆ ಕೊಟ್ಟ ಪುಕ್ಕಟೆ ಸಾಮಾನು:
ಎರಡು ಕಡ್ಡಿಪೆಟ್ಟಿಗೆ ಜೋಡಿಸಿದಷ್ಟು ಉದ್ದ,
ಒಳಗೆ ಕೆಂಪು ಅಕ್ಷರ, ಬಲದಿಂದ ಎಡಕ್ಕೆ ಓಟ.
ರಾಯದುರ್ಗದ ನಮ್ಮ ಜೀನ್ಸ್ ಶೆಡ್ಡಿನಲ್ಲಿ
ಹದಿನಾಲ್ಕು ಮಿಷಿನ್ನು, ಒಂದು ಮೇಜು.
ಮೇಜು ನನ್ನದು.
ಲೆಕ್ಕದ ಪುಸ್ತಕದ ಪಕ್ಕ ನಿಲ್ಲಿಸಿದೆ.
ಮೊದಲ ದಿನವೆಲ್ಲ ಇಂಗ್ಲಿಷಿನಲ್ಲಿ
ಯಾರಿಗೋ ಹ್ಯಾಪಿ ಬರ್ತ್‌ಡೇ ಹೇಳುತ್ತಲೇ ಇತ್ತು.
ಇವತ್ತು ಯಾರದೂ ಅಲ್ಲ ಮಾರಾಯಾ
ಎಂದು ಅದಕ್ಕೆ ಹೇಳುವುದು ಹೇಗೆ?

ಕಾಜಾ ಹಾಕುವ ಶಮೀಮಳ ತಮ್ಮ
ಫೋನಿನಲ್ಲಿ ಒಂದೊಂದೇ ಚುಕ್ಕೆ ಒತ್ತಿ ಕನ್ನಡ ಕೂರಿಸಿದ.
ಇರುವುದು ಎಂಟೇ ಸಾಲು. ಒತ್ತಕ್ಷರಕ್ಕೆ ನೆಲವಿಲ್ಲ.
ಮಗ್ಗ ಎಂದು ಬರೆಸಿದರೆ ಮಗ ಎಂದು ಓಡಿತು.
ಅಕ್ಕಿ ಹೋಗಿ ಅಕಿ ಬಂದಳು.
ಬಾಬಿನ್ ಕದ್ದವನಿಗೆ ಕೇಳಲೆಂದು ಕತ್ತೆ ಹಾಕಿಸಿದೆ,
ಕತೆ, ಕತೆ, ಕತೆ ಎಂದು ಸಂಜೆತನಕ ಸುತ್ತಿತು.
ಅವನೇ ಬಂದು ಕೇಳಿದ,
ಯಾವ ಕತೆ ಅಕ್ಕಾ?

ತಲೆಕಟ್ಟಿಗೂ ಮೇಲೆ ಜಾಗ ಉಳಿಯಲಿಲ್ಲ.
ಅಡ್ಡಗೆರೆ ನಮ್ಮದು, ಟಿಕ್ಕು ಗುರುತು ಅವರದು,
ಇಸ್ಕೂಲಿನಲ್ಲಿ ಅಷ್ಟಕ್ಕೇ ಬೆತ್ತದೇಟು ತಿಂದಿದ್ದೇವೆ.
ಈಗ ಬೋಳುತಲೆಯ ಅಕ್ಷರ ಹಾದುಹೋದರೆ
ಓಬುಳೇಸು ತೆಲುಗೆಂದು ಓದುತ್ತಾನೆ,
ನಾನು ಕನ್ನಡವೆಂದು.
ದೀರ್ಘದ ಕೊಂಬು ಎರಡೂ ಅಲ್ಲದ ಹಾಗೆ ಬಾಗಿದೆ.
ಬಾಕಿ ಎಂದರೆ ಮಾತ್ರ ಇಬ್ಬರಿಗೂ ಬಾಕಿಯೇ.

ಹೋದ ತಿಂಗಳು ಅವನೂ ಒಂದು ಮಾತು ಹಾಕಿಸಿದ,
ಮಾಲೀಕರು ಬರುವ ಹೊತ್ತಿಗೆ ಸರಿಯಾಗಿ:
ಶನಿವಾರಂ ಜೀತಂ.
ಅವರಲ್ಲಿ ಹಾಗೆಂದರೆ ಸಂಬಳ, ಅಷ್ಟೆ.
ಜಾಗದ ಬಿಗಿಯಲ್ಲಿ ಸೊನ್ನೆಗೆ ಸಿಕ್ಕಿದ್ದು ಒಂದೇ ಚುಕ್ಕೆ.

ಇಸ್ತ್ರಿಯ ಆವಿ ತಗಲಿಯೋ ಏನೋ
ನಟ್ಟನಡುವೆ ಒಂದು ದೀಪ ಸತ್ತಿದೆ.
ಪದ ಓಡುತ್ತ ಓಡುತ್ತ ಅದರ ಬಾಲ ಅಲ್ಲಿಗೆ ಬಂದಾಗ
ರೆಪ್ಪೆ ಬಡಿಯುವಷ್ಟು ಹೊತ್ತು
ಸೊನ್ನೆ ಆರುತ್ತದೆ.
ಜೀತ
ಎಂದು ನಿಲ್ಲುತ್ತದೆ ಕೆಂಪಗೆ.
ಮತ್ತೆ ಚುಕ್ಕೆ ಹತ್ತಿಕೊಂಡು, ಸಂಬಳವಾಗಿ,
ಎಡಕ್ಕೆ ಹೊರಟುಹೋಗುತ್ತದೆ.

ಓಬುಳೇಸುವಿಗೆ ನಾನು ಹೇಳಿಲ್ಲ.
ಮಾಲೀಕರ ಮನೆಮಾತು ಕನ್ನಡ.
ನಿನ್ನೆ ಮೇಜಿನ ಮುಂದೆ ನಿಂತರು, ಮೂರು ಸುತ್ತು ನೋಡಿದರು,
ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಂದು ಸುತ್ತು.
ಕೆಟ್ಟಿದೆ ಇದು, ಸೇಟಿಗೆ ಕೊಟ್ಟು ರಿಪೇರಿ ಮಾಡಿಸಮ್ಮ, ಅಂದರು.

ಆಗಲಿ ಸಾರ್, ಅಂದೆ.
ಶನಿವಾರ ಕಳೆಯಲಿ.