ಖಾಲಿ ಕಾಲಂ

ಶಾರ್ಜಾದ ರೋಲಾದಲ್ಲಿ, ಟೈಪಿಂಗ್ ಸೆಂಟರಿನ
ಕಾಸರಗೋಡಿನ ಹುಡುಗ ಕೇಳಿದ:
"ಮುತ್ತಕ್ಕ. ಸರಿ. ಆಮೇಲೆ?"

ಆಮೇಲೆ ಏನೂ ಇಲ್ಲ.
ಗಂಗೊಳ್ಳಿಯ ಮೀನುಪೇಟೆಯಲ್ಲಿ
ಅತ್ತೆಗೆ ಅಷ್ಟೇ ಹೆಸರು ಸಾಕಾಗಿತ್ತು.
ಪಾಸ್‌ಪೋರ್ಟಿನಲ್ಲೂ ಅಷ್ಟೇ.
ಒಂಟಿ ಹೆಸರಿಗೆ ವೀಸಾ ಇಲ್ಲವಂತೆ,
ಬೆಳಿಗ್ಗೆ ಒಮ್ಮೆ ಅರ್ಜಿ ತಿರುಗಿ ಬಂದಿದೆ.

ಕುಶಲಾಗೆ ಇನ್ನೂ ಎಚ್ಚರವಿಲ್ಲ.
ಮಗು ಗಾಜಿನ ಪೆಟ್ಟಿಗೆಯಲ್ಲಿ, ಒಂಬೈನೂರು ಗ್ರಾಮು.
ಅದಕ್ಕೆ ಒಂಟಿ ಹೆಸರೂ ಇಲ್ಲ;
ಕಾಲಿಗೆ ಸುತ್ತಿದ ಪಟ್ಟಿಯಲ್ಲಿ
'ಕುಶಲಾಳ ಮಗು' ಎಂದಷ್ಟೇ.
ಅದನ್ನು ಮಾತ್ರ ಯಾರೂ ವಾಪಸು ಕಳಿಸಿಲ್ಲ,
ಇಲ್ಲಿಯವರೆಗೆ.

ಹುಡುಗ ಪುಟ ಮಗುಚುತ್ತಾನೆ. ಕೊನೆಯ ಪುಟದಲ್ಲಿ
ಮಾವನ ಹೆಸರು: ಬಚ್ಚ ಮೊಗವೀರ.
"ಇದು ನಡೀಬಹುದು ಚೇಟಾ, ನೋಡುವ."
ಹದಿನಾರು ವರ್ಷದ ಹಿಂದೆ ತೀರಿಹೋದವ
ಖಾಲಿ ಕಾಲಮ್ಮಿಗೆ ಬಂದು
ಹೆಂಡತಿಯ ಪಕ್ಕ ಕೂತ.

ನಲವತ್ತು ದಿರ್ಹಮ್, ರಸೀದಿ,
ಇನ್ನು ಕಾಯುವುದು.

ಫೋನಿನಲ್ಲಿ ಅತ್ತೆ ವೀಸಾದ ಮಾತೇ ಎತ್ತಲಿಲ್ಲ.
"ಶಿಶು ಎಷ್ಟ್ ತೂಕ ಇತ್ತ್?"
ಹೇಳಿದೆ.
ನಲವತ್ತು ವರ್ಷ ತಕ್ಕಡಿ ಹಿಡಿದವಳು
ಒಂದು ಗಳಿಗೆ ಸುಮ್ಮನಾದಳು.

"ಕಿಲೋಕ್ಕೆ ಒಂದ್ ಬಂಗ್ಡಿ ಕಮ್ಮಿ.
ಅಷ್ಟೇ ಅಲ್ದಾ?
ನಾ ಬತ್ತೆ."